ಸಂದಿಯ ಗೋಡೆ

ಬೆಳಗಾವಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ಚೈತ್ರದ ಕೊನೆಗೆ ಬಿದ್ದ ಅಡ್ಡಮಳೆಗೆ ಗೋಕಾಕದ ಹಳೇ ಪೇಟೆಯಲ್ಲಿ ಗೌಂಡಿ ಮುರಿಗೆಪ್ಪನ ಮನೆಯ ಬಲಗೋಡೆ ಅರ್ಧಕ್ಕೆ ಕುಸಿಯಿತು. ಊರವರಿಗೆಲ್ಲ ಗೋಡೆ ಕಟ್ಟಿಕೊಟ್ಟವನ ಮನೆಗೇ ಗೋಡೆ ಇಲ್ಲದಾಯಿತೆಂದು ಓಣಿಯ ಜನ ನಕ್ಕರು. ಮುರಿಗೆಪ್ಪನೂ ಅವರೊಡನೆ ನಕ್ಕ. ಅಜ್ಜನ ಕಾಲದ ಕಲ್ಲುಮಣ್ಣಿನ ಗೋಡೆ, ಬೀಳುವ ವಯಸ್ಸಾಗಿತ್ತು, ಬಿತ್ತು. ಅವನ ಮನಸ್ಸನ್ನು ಕೊರೆಯುತ್ತಿದ್ದ ಸಂಗತಿ ಬೇರೆ. ಅವನಿಗೂ ಮಗನಿಗೂ ಮಾತು ನಿಂತು ಆಗಲೇ ಒಂದು ತಿಂಗಳ ಮೇಲಾಗಿತ್ತು.

ಸಂಕೇಶ್ವರದಲ್ಲಿ ಒಬ್ಬ ವ್ಯಾಪಾರಿಯ ಉಗ್ರಾಣ ಕಟ್ಟುವಾಗ ಅದು ಆದದ್ದು. ಮಗ ಅಣ್ಣಪ್ಪ ಅಟ್ಟಣಿಗೆಯ ಕಟ್ಟಿಗೆಗೆ ಹಗ್ಗ ಬಿಗಿದು, ಮೇಲೆ ಹಲಗೆ ಹಾಸಿ ಕೆಲಸಕ್ಕೆ ಹತ್ತಿದ್ದ. ಮುರಿಗೆಪ್ಪ ಕೆಳಗಿನಿಂದ ಕಟ್ಟಿಗೆಯನ್ನು ಅಲುಗಿಸಿ ನೋಡಿದ, ಮಗನನ್ನು ಕೆಳಗಿಳಿಸಿದ, ಎಲ್ಲ ಕೆಲಸಗಾರರ ಎದುರಿಗೆ ಆ ಗಂಟನ್ನು ಬಿಚ್ಚಿಹಾಕಿದ.

"ಆಡ ಕಾಯೂ ಹುಡುಗೂರು ಇದಕಿಂತ ಚಲೋ ಗಂಟ ಹಾಕತಾವ. ಇಂವ ಗ್ವಾಡಿ ಕಟ್ಟಾಕ ಬಂದಾನ," ಎಂದ.

ಕೆಲಸಗಾರರು ನಕ್ಕರು. ಅಣ್ಣಪ್ಪ ಮದುವೆಯಾಗಿ ಆರು ವರ್ಷವಾದ ಗಂಡಸು, ತಾನೇ ಕರಣಿ ಹಿಡಿದು ನಾಲ್ಕು ಮನೆ ಎತ್ತಿದವನು. ಅಂದು ಸಂಜೆಯವರೆಗೂ ತಲೆ ಎತ್ತದೆ ಕೆಲಸ ಮಾಡಿದ. ರಾತ್ರಿಯ ಬಸ್ಸಿಗೆ ಮನೆಗೆ ಬಂದು ಉಣ್ಣಲು ಕೂತಾಗ, ತಾಯಿ ಕಾಶೆವ್ವ ರೊಟ್ಟಿ ನೀಡುತ್ತಿರುವಾಗಲೇ ಹೇಳಿದ:

"ಅಪ್ಪಾ, ಇನ್ನ ಮ್ಯಾಲ ನನ್ನ ಕೆಲಸದಾಗ ನಿನ್ನ ಬಾಯಿ ಬರಬಾರದು."

"ಬರೂದಿಲ್ಲ," ಎಂದ ಮುರಿಗೆಪ್ಪ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವನಿಗೂ ಸಿಟ್ಟು ನೆತ್ತಿಗೇರಿತ್ತು. ಕೊರಳಲ್ಲಿದ್ದ ಲಿಂಗವನ್ನು ಎಡಗೈಯಲ್ಲಿ ಹಿಡಿದು, "ನೀ ಕೇಳಿದ್ರೂ ಹೇಳೂದಿಲ್ಲ. ಇದರ ಆಣಿ," ಎಂದ.

ಲಿಂಗ ಹಿಡಿದು ಆಡುವ ಮಾತಲ್ಲ ಇದು ಎಂದು ಕಾಶೆವ್ವ ಗಂಡನನ್ನು ಗದರಿದಳು. ಆಡಿದ ಮಾತು ಆಡಿ ಆಗಿತ್ತು.

ಮರುದಿನದಿಂದ ಮುರಿಗೆಪ್ಪ ಕೆಲಸಕ್ಕೆ ಹೋಗುವುದನ್ನು ಬಿಟ್ಟ. ಕಣ್ಣು ಮಂಜಾಗಿದೆ, ತೂಗುಗುಂಡಿನ ದಾರ ಕಾಣುವುದಿಲ್ಲ ಎಂದು ನೆಪ ಹೇಳಿದ. ಎಮ್ಮೆಯ ಸಗಣಿ ಬಳಿದ, ಮೇವು ತಂದ, ಮಠಕ್ಕೆ ಹೋಗಿ ಕುಳಿತು ಬಂದ. ಮನೆಯಲ್ಲಿ ತಂದೆಮಗನ ಮಾತೆಲ್ಲ ಹೆಂಗಸರ ಕೈಯಿಂದ ಹಾಯ್ದು ಹೋಗತೊಡಗಿತು. ಉಪ್ಪು ಬೇಕಾದರೂ ಮುದುಕ ಸೊಸೆಯ ಕಡೆ ನೋಡುತ್ತಿದ್ದ. ಸೊಸೆ ಯಮನವ್ವ ಗಂಡನ ಮುಂದಿದ್ದ ಉಪ್ಪಿನ ಬಟ್ಟಲನ್ನು ಎತ್ತಿ ಮಾವನ ಮುಂದಿಡುತ್ತಿದ್ದಳು. ಇಬ್ಬರ ನಡುವೆ ಇದ್ದದ್ದು ಒಂದು ಮೊಳದ ಅಂತರ.

ಯಮನವ್ವ ಬೆಲ್ಲದ ಬಾಗೇವಾಡಿಯ ಮಗಳು. ಆಗ ಅವಳಿಗೆ ಐದು ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಎರಡನೆಯ ಸಲ ಇಳಿದದ್ದು, ಪಡಸಾಲೆಯ ಗೋಡೆಗೆ ಒಂದು ಗೂಟ ಬಡಿದ ಮರುವಾರ. ಅಂದಿನಿಂದ ಕಾಶೆವ್ವನ ತಲೆಯಲ್ಲಿ ಆ ಗೂಟ ನಾಟಿಕೊಂಡು ಕುಳಿತಿತ್ತು. ಬಸುರಿ ಇದ್ದ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು, ನೆಲ ಅಗೆಯಬಾರದು ಎಂಬುದು ಹಿರಿಯರಿಂದ ಬಂದ ಮಾತು. ಅದನ್ನು ಮೀರಿದ್ದಕ್ಕೇ ಹಾಗಾಯಿತೆಂದು ಅವಳು ನಂಬಿದ್ದಳು.

ಗೋಡೆ ಬಿದ್ದ ಮೇಲೆ ಅವಳು ಮಠದ ಅಯ್ಯನವರನ್ನು ಕೇಳಿಬಂದಳು. ಮುಂಗಾರಿನ ಮಿರಗದ ಮಳೆ ಹಿಡಿಯುವುದರೊಳಗೆ ಗೋಡೆ ಎತ್ತದಿದ್ದರೆ ಮನೆಯೇ ಕುಸಿಯುತ್ತದೆ, ಎತ್ತಿದರೆ ಸೊಸೆಗೆ ಕೇಡಾದೀತೆ ಎಂದು ಅವಳ ಪ್ರಶ್ನೆ. ಅಯ್ಯನವರು ಮುದುಕರು, ಮೆದು ಮಾತಿನವರು. ಬಿದ್ದದ್ದನ್ನು ಎತ್ತುವುದಕ್ಕೆ ದೋಷವಿಲ್ಲ ತಾಯಿ, ನಿಂತದ್ದನ್ನು ಒಡೆಯಬೇಡಿ ಎಂದರು. ಅಷ್ಟೇ. ಅವಳು ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು.

ತೊಡಕು ಹುಟ್ಟಿದ್ದು ಅಲ್ಲಿ. ಬಿದ್ದ ಗೋಡೆಯ ಆಚೆಗೆ ಬೆಲ್ಲದ ವ್ಯಾಪಾರಿ ವೀರಪ್ಪನ ಮನೆಯ ಎತ್ತರದ ಗೋಡೆ. ಎರಡರ ನಡುವೆ ಒಬ್ಬ ಮನುಷ್ಯ ಓರೆಯಾಗಿ ಹಾಯುವಷ್ಟು ಸಂದಿ, ತಳದಲ್ಲಿ ಬಚ್ಚಲ ನೀರಿನ ಹಾಸುಗಲ್ಲು. ಸಂದಿಯ ಹಿಂದಿನ ಬಾಯಿ ಮುಚ್ಚಿತ್ತು, ಓಣಿಯ ಕಡೆಯಿಂದ ಒಂದೇ ದಾರಿ. ಮುರಿಗೆಪ್ಪನ ಗೋಡೆ ಕೆಳಗೆ ಒಂದೂವರೆ ಆಳಿನಷ್ಟು ನಿಂತಿತ್ತು, ಮೇಲಿನದು ಹೋಗಿತ್ತು. ಒಳಮೈಯ ಕಲ್ಲನ್ನು ಮನೆಯ ಅಟ್ಟದ ಮೇಲೆ ನಿಂತು ಇಡಬಹುದು. ಹೊರಮೈಯ ಕಲ್ಲನ್ನು ಸಂದಿಯಲ್ಲೇ ನಿಂತು ಇಡಬೇಕು. ಅಲ್ಲಿ ನೆಲಕ್ಕೆ ಕಂಬ ಹೂಳುವಂತಿಲ್ಲ, ನಿಚ್ಚಣಿಕೆ ಓರೆ ಇಡುವಂತಿಲ್ಲ. ಗೌಂಡಿಗಳು ಅಂಥ ಕಡೆ ಗೋಡೆಯಿಂದ ಗೋಡೆಗೆ ಅಡ್ಡ ಕಟ್ಟಿಗೆ ಹಾಕುತ್ತಾರೆ. ಎರಡೂ ಗೋಡೆಗೆ ಮೊಳದಷ್ಟು ಆಳದ ತೂತು ಕೊರೆದು ಕಟ್ಟಿಗೆಯ ತುದಿಗಳನ್ನು ಒಳಗೆ ಇಳಿಸಿ, ಅದರ ಮೇಲೆ ಹಲಗೆ ಹಾಸುತ್ತಾರೆ. ತುದಿ ಗೋಡೆಯೊಳಗಿದ್ದರೆ ಕಟ್ಟಿಗೆ ಮುರಿದೀತೇ ಹೊರತು ಜಾರುವುದಿಲ್ಲ.

ವೀರಪ್ಪ ಒಳ್ಳೆಯ ನೆರೆಯವನು. ತನ್ನ ಗೋಡೆಯಲ್ಲಿ ಕಟ್ಟಿದ ಕಾಲದ ತೂತುಗಳು ಹಾಗೇ ಇವೆ, ಗುಬ್ಬಿ ಗೂಡು ತೆಗೆದು ಬಳಸಿಕೊಳ್ಳಲಿ ಎಂದ. ಈಚೆಯ ಗೋಡೆಯಲ್ಲಿ ತೂತು ಹೊಸದಾಗಿ ಕೊರೆಯಬೇಕಿತ್ತು. ಅಣ್ಣಪ್ಪ ಹಾರೆ ತೆಗೆದುಕೊಂಡು ಹೊರಟಾಗ ಕಾಶೆವ್ವ ಬಾಗಿಲಲ್ಲಿ ಅಡ್ಡ ನಿಂತಳು.

"ನಿಂತ ಗ್ವಾಡಿಗೆ ಹಾರಿ ಹಾಕಬ್ಯಾಡ."

"ಯವ್ವಾ, ಗ್ವಾಡ್ಯಾಗ ತುದಿ ಇಳೀಲಾರದ ಕಟಗಿ ಹೆಂಗ ನಿಲ್ಲತೈತಿ?"

"ನಿನ್ನ ಕಟಗಿ ಹೆಂಗರ ನಿಲ್ಲಲಿ. ನನಗ ಈ ಸಲ ಕೂಸು ನಿಲ್ಲಬೇಕು."

ಯಮನವ್ವ ಒಲೆಯ ಮುಂದೆ ಕುಳಿತಿದ್ದವಳು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಅಣ್ಣಪ್ಪ ಅವಳನ್ನು ನೋಡಿದ. ಎರಡು ಸಲ ಅವಳ ಅಳುವನ್ನು ಕೇಳಿದವನು ಅವನು. ಹಾರೆಯನ್ನು ಗೋಡೆಗೆ ಒರಗಿಸಿದ.

"ಹೋಗ್ಲಿ ಬಿಡು. ಈ ಕಡೆ ಬೆಣಿ ಹೊಡದ ಬಿಗೀತೇನಿ," ಎಂದ. ಮಾತು ತಾಯಿಗೆ ಹೇಳಿದ್ದು, ದನಿ ಮಾತ್ರ ಅಂಗಳದಲ್ಲಿ ಎಮ್ಮೆಗೆ ನೀರಿಡುತ್ತಿದ್ದ ತಂದೆಗೆ ಮುಟ್ಟುವಷ್ಟು ದೊಡ್ಡದಾಗಿತ್ತು.

ಮುರಿಗೆಪ್ಪನಿಗೆ ಕೇಳಿಸಿತು. ಮಗ ತನ್ನನ್ನು ಹಂಗಿಸುತ್ತಿದ್ದಾನೆ ಎಂದುಕೊಂಡ. ನೀನಿಲ್ಲದೆ ನನ್ನ ಕೆಲಸ ನಡೆಯುತ್ತದೆ, ನೋಡಿಕೊ ಎಂದ ಹಾಗೆ ಅವನಿಗೆ ಕೇಳಿತು. ಎಮ್ಮೆ ನೀರು ಕುಡಿಯುವವರೆಗೂ ಅದರ ಬೆನ್ನು ಸವರುತ್ತ ನಿಂತ.

ಕೆಲಸ ಶುರುವಾಯಿತು. ಕಲ್ಲು ಎತ್ತಿಕೊಡಲು ಯಲ್ಲಾರಿ ಎಂಬವನು ಬರುತ್ತಿದ್ದ. ಹೊಲಗೇರಿಯವನು, ಮುರಿಗೆಪ್ಪನ ಜೊತೆ ಬಹಳ ವರ್ಷ ದುಡಿದವನು. ಅಣ್ಣಪ್ಪ ಅಡ್ಡ ಕಟ್ಟಿಗೆಗಳ ಒಂದು ತುದಿಯನ್ನು ವೀರಪ್ಪನ ಗೋಡೆಯ ತೂತಿಗೆ ಇಳಿಸಿದ. ಇನ್ನೊಂದು ತುದಿಯನ್ನು ತಮ್ಮ ಗೋಡೆಯ ಮೈಗೆ ಒತ್ತಿ, ನಡುವೆ ಚಪ್ಪಟೆ ಕಲ್ಲಿನ ಬೆಣೆ ಸೇರಿಸಿ ಬಡಿದ. ಗುದ್ದಿನ ಬಿಗುವಿನ ಮೇಲೆ ಕಟ್ಟಿಗೆ ನಿಂತಿತು. ಯಲ್ಲಾರಿ ಒಂದು ಸಲ ಅಂಗಳಕ್ಕೆ ಬಂದು, ತಂಬಾಕಿನ ನೆಪದಲ್ಲಿ ಮುರಿಗೆಪ್ಪನ ಹತ್ತಿರ ಕೂತು, "ಗೌಂಡೇರ, ಒಂದೀಟ ಬಂದ ನೋಡ್ರಲ್ಲ," ಎಂದ. ಮುರಿಗೆಪ್ಪ ಸುಣ್ಣದ ಡಬ್ಬಿ ಮುಂದೆ ನೂಕಿದ.

ವಾರವೊಂದು ಹೀಗೇ ನಡೆಯಿತು. ಬೆಳಗ್ಗೆ ಯಮನವ್ವ ರೊಟ್ಟಿ ಬಡಿಯುವಾಗ ಸಂದಿಯಿಂದ ಕಲ್ಲು ಕೆತ್ತುವ ಸದ್ದು ಬರುತ್ತಿತ್ತು. ಸದ್ದು ನಿಂತಾಗಲೆಲ್ಲ ಅಂಗಳದಲ್ಲಿ ಮುರಿಗೆಪ್ಪನ ಕೈಯೂ ನಿಲ್ಲುತ್ತಿತ್ತು. ಮತ್ತೆ ಸದ್ದಾದರೆ ಅವನು ಮತ್ತೆ ಹಗ್ಗ ಹೊಸೆಯುತ್ತಿದ್ದ. ಇದನ್ನು ನೋಡಿದವಳು ಸೊಸೆ ಒಬ್ಬಳೇ. ಅತ್ತೆಗೆ ಹೇಳಬೇಕೆಂದುಕೊಂಡಳು. ಆದರೆ ಹೊಟ್ಟೆಯಲ್ಲಿ ಕೂಸು ಆಡತೊಡಗಿತ್ತು. ಹೇಳಿದರೆ ಗೋಡೆಗೆ ಹಾರೆ ಬಿದ್ದೀತೆಂಬ ಭಯಕ್ಕೆ ಅವಳು ಹೇಳಲಿಲ್ಲ.

ಗುರುವಾರ ಸಂಜೆ ಸಣ್ಣಗೆ ಮಳೆ ಹನಿಯಿತು. ನೆಲ ತೊಯ್ದಷ್ಟು, ಮಣ್ಣಿನ ವಾಸನೆ ಬಂದಷ್ಟು. ಶುಕ್ರವಾರ ಬೆಳಗ್ಗೆ ಪೂಜೆ ಮುಗಿಸಿ ಮುರಿಗೆಪ್ಪ ಓಣಿಗೆ ಬಂದಾಗ ಅಣ್ಣಪ್ಪ ಸಂದಿಯ ಬಾಯಲ್ಲಿ ಕುಳಿತಿದ್ದ. ಕಲ್ಲು ಏರಿಸುವ ಬುಟ್ಟಿಗೆ ಹಗ್ಗ ಕಟ್ಟುತ್ತಿದ್ದ. ಕಟ್ಟಿ ಬಿಚ್ಚಿದ. ಮತ್ತೆ ಕಟ್ಟಿ ಮತ್ತೆ ಬಿಚ್ಚಿದ. ಮುರಿಗೆಪ್ಪ ಅವನ ತಲೆಯ ಮೇಲಿಂದ ಸಂದಿಯೊಳಗೆ ಇಣುಕಿದ. ಹಳೆಯ ಗೋಡೆಯ ಮೈ ಹಸಿಯಾಗಿತ್ತು. ಬೆಣೆಯ ಕೆಳಗೆ ಮಣ್ಣು ಹಪ್ಪಳದಂತೆ ಎದ್ದಿತ್ತು. ಅವನ ಮಂಜುಗಣ್ಣಿಗೂ ಅದು ಕಂಡಿತು. ಹಲಗೆಯ ಮೇಲೆ ಅಣ್ಣಪ್ಪ ಅರ್ಧ ದಿನಕ್ಕಾಗುವಷ್ಟು ಕಲ್ಲು ಒಟ್ಟಿದ್ದ. ಇಡುವಷ್ಟೇ ಕಲ್ಲು ಮೇಲಿರಬೇಕು, ಬಯಲಲ್ಲಿ ಬಿದ್ದರೆ ನೆಲ ಹಿಡಿಯುತ್ತದೆ, ಸಂದಿಯಲ್ಲಿ ಬಿದ್ದರೆ ಕಲ್ಲೂ ಹಿಂದೆಯೇ ಬರುತ್ತದೆ ಎಂದು ಮುರಿಗೆಪ್ಪ ತನ್ನ ಕೈಕೆಳಗೆ ದುಡಿದ ಎಲ್ಲರಿಗೂ ಹೇಳಿದವನು.

ಅವನ ಕೈ ಕೊರಳ ಲಿಂಗಕ್ಕೆ ಹೋಯಿತು. ಕೆಮ್ಮಿದ. ಅಣ್ಣಪ್ಪ ತಲೆ ಎತ್ತಿ ನೋಡಿದ. ಮುರಿಗೆಪ್ಪ ಇನ್ನೊಮ್ಮೆ ಕೆಮ್ಮಿ, ಮೇವಿನ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಓಣಿ ಇಳಿದು ಹೋದ.

ಅವನು ಮೇವು ಹೊತ್ತು ತಿರುಗಿ ಬರುವಾಗ ಓಣಿಯ ತುಂಬ ಜನ. ಮೇವನ್ನು ಅಲ್ಲೇ ಬಿಟ್ಟು ಓಡಿದ. ಬೆಣೆ ಸಡಿಲಿ ಕಟ್ಟಿಗೆ ಜಾರಿತ್ತು. ಹಲಗೆ, ಕಲ್ಲು, ಬುಟ್ಟಿ ಎಲ್ಲವೂ ಅಣ್ಣಪ್ಪನ ಮೇಲೆ ಇಳಿದಿದ್ದವು. ಎತ್ತರ ಬಹಳವಿರಲಿಲ್ಲ. ಬಯಲಾಗಿದ್ದರೆ ಮೊಣಕಾಲು ತರಚಿಕೊಂಡು ಏಳುತ್ತಿದ್ದ. ಸಂದಿಯಲ್ಲಿ ಹೊರಳಲು ಎಡೆಯಿರಲಿಲ್ಲ. ಓಣಿಯ ಕಡೆಯ ಬಾಯಿಗೆ ಹಲಗೆಗಳು ಅಡ್ಡ ಸಿಕ್ಕಿಕೊಂಡು, ಅವುಗಳ ಮೇಲೆ ಕಲ್ಲು ಕೂತಿದ್ದವು. ಅವನ್ನು ಎಳೆದರೆ ಉಳಿದದ್ದೂ ಅವನ ಮೇಲೆ ಬೀಳುತ್ತಿತ್ತು. ಅಣ್ಣಪ್ಪ ಹಿಂದಿನ ಮುಚ್ಚಿದ ಮೂಲೆಯಲ್ಲಿದ್ದ. ನರಳುವುದು ಕೇಳುತ್ತಿತ್ತು.

ಒಂದೇ ದಾರಿ ಉಳಿದಿತ್ತು. ಮನೆಯ ಒಳಗಿನಿಂದ ಆ ನಿಂತ ಗೋಡೆಯನ್ನೇ ಒಡೆದು ಅವನನ್ನು ಈಚೆಗೆ ಎಳೆದುಕೊಳ್ಳಬೇಕು.

ಮುರಿಗೆಪ್ಪ ಹಾರೆ ಹಿಡಿದು ಒಳಕೋಣೆಗೆ ಬಂದ. ಯಲ್ಲಾರಿಯೂ ಹಿಂದೆಯೇ ಬಂದ. ಅವನು ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು, ಅದು ಯಾರ ಗಮನಕ್ಕೂ ಬರಲಿಲ್ಲ. ಕಾಶೆವ್ವ ಗೋಡೆಗೆ ಬೆನ್ನು ಹಚ್ಚಿ ಕುಸಿದು ಕೂತಿದ್ದಳು. ಅವಳಿಗೆ ಏಳು ಎನ್ನಲೂ ಆಗದೆ, ಹಾರೆ ಎತ್ತಲೂ ಆಗದೆ ಮುರಿಗೆಪ್ಪ ನಿಂತುಬಿಟ್ಟ. ಆಗ ಯಮನವ್ವ ಬಂದು ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು.

"ಒಡೀರಿ ಮಾವಾರ," ಎಂದಳು. "ಹುಟ್ಟೂ ಕೂಸಿಗೆ ಅಪ್ಪ ಬೇಕು."

ಮುರಿಗೆಪ್ಪ ಮೊದಲ ಏಟು ಹಾಕುವ ಮುನ್ನ ಗೋಡೆಗೆ ಬಾಯಿ ಹಚ್ಚಿ ಕೂಗಿದ:

"ಅಣ್ಣಪ್ಪಾ, ಅಲಗಾಡಬ್ಯಾಡ. ಎರಡೂ ಕೈ ತಲಿ ಮ್ಯಾಲ ಇಟ್ಕೊ. ನಿನ್ನ ಎಡಕ್ಕ ತೂತ ಹಾಕತೇನಿ. ಕೇಳಿಸ್ತ?"

ಆಚೆಯಿಂದ, "ಕೇಳಿಸ್ತು ಅಪ್ಪಾ," ಎಂದು ಬಂತು.

ಅಷ್ಟು ದಿನಗಳಲ್ಲಿ ತಂದೆಮಗ ಆಡಿದ ಮೊದಲ ಮಾತು ಅದು. ಆಣೆ ಅಲ್ಲಿಗೆ ಮುರಿಯಿತು. ಮುರಿಗೆಪ್ಪನ ಮೇಲೆ ಸಿಡಿಲೇನೂ ಬೀಳಲಿಲ್ಲ.

ಚಕ್ಕಡಿಯಲ್ಲಿ ಹುಲ್ಲು ಹಾಸಿ ಅಣ್ಣಪ್ಪನನ್ನು ರೈಲಿಗೆ ಒಯ್ದು, ಅಲ್ಲಿಂದ ಮಿರಜಿನ ದವಾಖಾನೆಗೆ ಸೇರಿಸಿದರು. ವೀರಪ್ಪ ಜೊತೆಗೆ ಹೋದ. ಸೊಂಟದ ಎಲುಬು ಮುರಿದಿತ್ತು. ಜೀವ ಉಳಿಯಿತು. ಎಡಗಾಲಿಗೆ ಮತ್ತೆ ಬಲ ಬರುವುದಿಲ್ಲವೆಂದು ಡಾಕ್ಟರು ಹೇಳಿದರು. ಮೇಲೆ ಹತ್ತುವ ಕೆಲಸ ಇನ್ನು ಅವನದಲ್ಲ.

ಅವನು ದವಾಖಾನೆಯಲ್ಲಿದ್ದ ವಾರಗಳಲ್ಲಿ ಮನೆಯಲ್ಲಿ ಗಂಡಹೆಂಡಿರ ಜಗಳ ನಿಲ್ಲಲಿಲ್ಲ. ಒಲೆಯ ಮುಂದೆ ಶುರುವಾದದ್ದು ಕೊಟ್ಟಿಗೆಯವರೆಗೂ ಹೋಗುತ್ತಿತ್ತು. ಒಂದು ದಿನ ಕಾಶೆವ್ವ ನುಚ್ಚು ತಿರುವುತ್ತಿದ್ದವಳು ಕೋಲನ್ನು ಪಾತ್ರೆಯಲ್ಲೇ ಬಿಟ್ಟು ತಿರುಗಿದಳು.

"ನಾ ಅಡಗಿ ಮಾಡೂ ಹೆಂಗಸು. ಕಟಗಿ ಜಾರತೈತಿ ಅನ್ನೂದು ನನಗೇನ ಗೊತ್ತ್ರಿ? ನಿಮಗ ಗೊತ್ತಿತ್ತಲ್ಲ. ಏ, ಅವಂಗ ತೂತ ಹಾಕಾಕ ಬಿಡ ಅಂತ ನನಗ ಒಂದ ಮಾತ ಬಡದ ಹೇಳಬೇಕಿತ್ತಲ್ಲ."

"ಹೇಳಿದ್ರ ನೀ ಬಿಡತಿದ್ದೇನು?"

"ಇಲ್ಲ," ಎಂದಳು ಕಾಶೆವ್ವ. "ಖರೆ ಹೇಳತೇನಿ, ಬಿಡತಿದ್ದಿಲ್ಲ. ಆದ್ರ ನೀವು ಹೇಳಿರತಿದ್ರಿ." ನುಚ್ಚು ತಳ ಹಿಡಿದು ವಾಸನೆ ಬಂದಿತ್ತು. ಇಬ್ಬರೂ ಅದನ್ನೇ ಉಂಡರು.

ಎಲ್ಲ ಶಿವನಿಚ್ಛೆ ಎಂದು ಬಂದವರು ಹೇಳಿಹೋದರು. ಮುರಿಗೆಪ್ಪ ದಿನವೂ ಲಿಂಗಪೂಜೆಗೆ ಕೂತವನು, ಅದನ್ನು ಅಲ್ಲಗಳೆಯಲಾರ. ಆದರೂ ತಾನು ನುಂಗಿದ ಮಾತನ್ನು ಶಿವನ ಮೇಲೆ ಹೊರಿಸಲು ಅವನಿಗೆ ನಾಲಿಗೆ ಏಳಲಿಲ್ಲ. ಮಠದ ಅಯ್ಯನವರು ಮನೆಗೆ ಬಂದಾಗ ಕಾಲಿಗೆ ಬಿದ್ದು ಆಣೆಯ ಸಂಗತಿ ಹೇಳಿದ. ಅಯ್ಯನವರು ಅವನನ್ನು ಹಿಡಿದು ಎಬ್ಬಿಸಿದರು. "ಶಿವ ಯಾವತ್ತೂ ನಮಗ ಬಾಯಿ ಕಟಗೋರಿ ಅಂತ ಕೇಳಿಲ್ಲಪ್ಪ," ಎಂದರು. ತಾವು ಕಾಶೆವ್ವನಿಗೆ ಹೇಳಿದ ಮಾತು ಅವರಿಗೂ ನೆನಪಾಗಿರಬೇಕು. ಅಂದು ಅವರು ಊಟದ ಪ್ರಸಾದಕ್ಕೆ ಕೂರದೆ ಎದ್ದುಹೋದರು.

ಮಿರಗದ ಮಳೆ ಹಿಡಿಯುವ ಮುನ್ನ ಮುರಿಗೆಪ್ಪನೇ ಕರಣಿ ಎತ್ತಿಕೊಂಡ. ಒಡೆದ ಗೋಡೆ ಮುಚ್ಚಿದ, ಮೇಲಿನದು ಎತ್ತಿದ. ಎರಡೂ ಕಡೆ ತೂತು ಕೊರೆದು, ತುದಿ ಇಳಿಸಿ, ಮೊದಲು ಕೈಯಿಂದ ಜಗ್ಗಿ, ಆಮೇಲೆ ಕಾಲಿಟ್ಟು ಹತ್ತಿದ. ತೂಗುಗುಂಡಿನ ದಾರ ನೋಡಲು ಯಲ್ಲಾರಿ ಅವನ ಕಣ್ಣಾದ. ಕಾಶೆವ್ವ ಈ ಸಲ ಬಾಗಿಲಿಗೆ ಅಡ್ಡ ಬರಲಿಲ್ಲ. ಹಾರೆಯ ಏಟು ಕೇಳಿದಾಗ ಸೊಸೆಯ ಮಗ್ಗುಲಲ್ಲಿ ಹೋಗಿ ಕೂತು, ಅವಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು.

ಯಮನವ್ವನಿಗೆ ತವರು ಬಾಗೇವಾಡಿಯಲ್ಲಿ ಶ್ರಾವಣದಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು, ಗಟ್ಟಿಯಾಗಿತ್ತು. ಸುದ್ದಿ ಬಂದಾಗ ಕಾಶೆವ್ವ ಸಕ್ಕರೆ ಹಂಚಲು ಎದ್ದವಳು ನಡುಮನೆಯಲ್ಲೇ ನಿಂತಳು. ಗೋಡೆ ಒಡೆದರು, ಮತ್ತೆ ತೂತು ಹಾಕಿದರು, ಆದರೂ ಕೂಸು ಉಳಿಯಿತು. "ಹಂಗಾರ..." ಎಂದಳು. ಸಕ್ಕರೆಯ ಬಟ್ಟಲನ್ನು ವೀರಪ್ಪನ ಹೆಂಡತಿಯ ಕೈಗೆ ಕೊಟ್ಟು ಹೋಗಿ ಮಲಗಿಬಿಟ್ಟಳು.

ಅಣ್ಣಪ್ಪ ಆ ಹೊತ್ತಿಗೆ ಮನೆಗೆ ಬಂದಿದ್ದ. ಪಡಸಾಲೆಯಲ್ಲಿ ಅವನ ಹಾಸಿಗೆ. ಕೈ ಚೆನ್ನಾಗಿದ್ದವು. ಶೇಂಗಾ ಸುಲಿದು ಕೊಡುತ್ತಿದ್ದ, ಹಗ್ಗ ಹೊಸೆಯುತ್ತಿದ್ದ. ಮುರಿಗೆಪ್ಪ ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬಂದು ಮಗನ ಮಗ್ಗುಲಲ್ಲಿ ಕೂರುತ್ತಿದ್ದ. ಈಗ ತಂದೆಮಗ ಮಾತಾಡುತ್ತಿದ್ದರು. ಯಾರ ಮನೆ, ಎಂಥ ಕಲ್ಲು, ಮಣ್ಣಿನ ಹದ ಹೇಗಿತ್ತು ಎಂದೆಲ್ಲ ಅಣ್ಣಪ್ಪ ಕೇಳುತ್ತಿದ್ದ.

ಊರವರು ಮುರಿಗೆಪ್ಪನಿಗೆ ಒಂದು ಸಮಾಧಾನ ಕೊಟ್ಟಿದ್ದರು. ವೀರಪ್ಪ ಮಿರಜಿನಿಂದ ಬಂದ ದಿನವೇ ಹೇಳಿದ್ದ: ಪ್ರಾಯದ ಹುಡುಗ, ಸಿಟ್ಟಿನವ, ನೀವು ಹೇಳಿದ್ದರೂ ಕೇಳುತ್ತಿದ್ದಿಲ್ಲ ಬಿಡಿ. ಯಲ್ಲಾರಿಯೂ ಹಾಗೇ ಅಂದ. ಕಾಶೆವ್ವ ಕೂಡ ಜಗಳ ಇಲ್ಲದ ದಿನಗಳಲ್ಲಿ ಅದನ್ನೇ ಹೇಳುತ್ತಿದ್ದಳು. ಮುರಿಗೆಪ್ಪ ಆ ಮಾತಿನ ಆಸರೆಯ ಮೇಲೆ ದಿನ ನೂಕುತ್ತಿದ್ದ. ಹತ್ತುವಾಗ, ಇಳಿಯುವಾಗ ಅದನ್ನೇ ತನಗೆ ತಾನು ಹೇಳಿಕೊಳ್ಳುತ್ತಿದ್ದ.

ಭಾದ್ರಪದದ ಒಂದು ಸಂಜೆ ಅವನು ಕೈಕಾಲು ತೊಳೆದು ಮಗನ ಹತ್ತಿರ ಕೂತ. ಕಾಶೆವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಂದು ಎಲ್ಲೋ ಒಬ್ಬ ಹುಡುಗ ಗೌಂಡಿ ತನ್ನ ಮಾತು ಕೇಳದೆ ಹಲಗೆಯ ತುದಿಗೆ ನಿಂತಿದ್ದನ್ನು ಹೇಳುತ್ತ, ಮಾತಿನ ಓಘದಲ್ಲಿ ಆ ಸಮಾಧಾನದ ಮಾತೂ ಅವನ ಬಾಯಿಂದ ಬಂತು.

"ನಿಮ್ಮ ವಯಸ್ಸ ಹಂಗ. ಅವತ್ತ ನಾ ಹೇಳಿದ್ರೂ ನೀ ಏನ ಕೇಳತಿದ್ದಿಲ್ಲ."

ಅಣ್ಣಪ್ಪ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ.

"ಕೇಳತಿದ್ದೆ ಅಪ್ಪಾ," ಎಂದ. "ನೀ ಬೈದರ ಹೇಳ್ಲಿ ಅಂತ ಸಂದಿ ಬಾಯಾಗ ಕೂತಿದ್ದೆ. ನನಗೂ ಗ್ವಾಡಿ ಹಸಿ ಕಂಡಿತ್ತು. ನೀ ಬ್ಯಾಡಂದಿದ್ರ ಅವ್ವಗ ನಿನ್ನ ಹೆಸರ ಹೇಳಿ ತೂತ ಹಾಕತಿದ್ದೆ. ನಾನಾಗೇ ಹಾಕಿ ಕೂಸಿಗೆ ಏನರ ಆಗಿದ್ರ, ಯಮನವ್ವಗ ಹೆಂಗ ಮಾರಿ ತೋರಸ್ಲಿ?"

ಅಣ್ಣಪ್ಪ ಸುಲಿದ ಕಾಳನ್ನು ಮೊರಕ್ಕೆ ಸುರಿದು, ಸಿಪ್ಪೆಯನ್ನು ಅಂಗೈಯಿಂದ ಬದಿಗೆ ಸರಿಸಿದ.

"ಅಪ್ಪಾ ಮಗಾ ಉಣ್ಣಾಕ ಬರ್ರಿ," ಎಂದು ಕಾಶೆವ್ವ ಕರೆದಳು. ಆಮೇಲೆ ತಾನೇ ತಟ್ಟೆಗಳನ್ನು ಪಡಸಾಲೆಗೆ ತಂದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಮುದ್ದೆ ಬೆಣ್ಣೆ. ಯಾಕ ಸುಮ್ಮನ ಕೂತೀರಿ ಎಂದು ಗಂಡನನ್ನು ಕೇಳಿದಳು. ಏನಿಲ್ಲ ಎಂದು ಮಗನೇ ಉತ್ತರ ಹೇಳಿದ.

ಮುರಿಗೆಪ್ಪನಿಗೆ ಉಣ್ಣುವ ಮನಸ್ಸಿರಲಿಲ್ಲ. ಆದರೆ ನೀಡಿಸಿಕೊಂಡದ್ದು ಪ್ರಸಾದ, ಅದನ್ನು ತಟ್ಟೆಯಲ್ಲಿ ಬಿಟ್ಟು ಏಳುವ ರೂಢಿ ಅವನಿಗೆ ಹುಟ್ಟಿದಾರಭ್ಯ ಇರಲಿಲ್ಲ. ತುತ್ತು ಮುರಿದ. ಮಗನ ಎದುರಿಗೆ ಕೂತು, ನೀರು ಕುಡಿದು ಕುಡಿದು ಇಳಿಸುತ್ತ, ಕೊನೆಯ ತುತ್ತಿನವರೆಗೂ ಉಂಡ.